ಕೆಂಪು ಪಟ್ಟಿಯ ಸಿಲಿಂಡರ್

ಪಂಪು ಗಾಳಿ ಎಳೆಯುವ ಕೊಳವೆಯನ್ನು ಲೂಶಿಯನ್ ಅದೇ ಪಂಪಿನ ಎಂಜಿನ್ನಿನ ಹೊಗೆಬಾಯಿಗೆ ತಂದು ಹಿಡಿದ. ಬೆಟ್ಟದ ಗಾಳಿ ಹೊಗೆಯನ್ನೆಲ್ಲ ಕಡಲಿಗೆ ಒಯ್ಯುತ್ತಿತ್ತು. ಅದಕ್ಕೇ ಇಷ್ಟು ಹತ್ತಿರ ತರಬೇಕಾಯಿತು. ಕಡಲಲ್ಲಿ ಮುಳುಗುವವರು ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ, ಕುತ್ತಿಗೆಗೆ ಕೆಂಪು ಪಟ್ಟಿ ಸುತ್ತಿದ ಸಿಲಿಂಡರ್ ನಿಧಾನವಾಗಿ ತುಂಬಿತು. ಆ ಪಟ್ಟಿಯ ಸಿಲಿಂಡರ್ ಅಂಬ್ರೋಸನದು. ಬೇರೆ ಯಾರೂ ಮುಟ್ಟುವುದಿಲ್ಲ.

ತುಂಬಿದ ಮೇಲೆ ಕೊಳವೆಯನ್ನು ಅದರ ಜಾಗಕ್ಕೆ ಸರಿಸಿ ಕೈ ಒರೆಸಿಕೊಂಡ.

ರೋಸೋ ಬಂದರಿನಲ್ಲಿ ಬೆಳ್ಳನೆಯ ಪ್ರವಾಸಿ ಹಡಗು ಆಗಲೇ ನಿಂತಿತ್ತು. ಹಡಗಿನವರನ್ನು ಸೂಫ್ರಿಯೇರ್ ಕೊಲ್ಲಿಯ ನೀರಿನಡಿಯ ಹವಳದ ಗೋಡೆಗೆ ಇಳಿಸುವುದು ಅಂಬ್ರೋಸನ ಕೆಲಸ. ಸಿಲಿಂಡರ್ ತುಂಬಿ ದೋಣಿ ನಡೆಸುವುದು ಲೂಶಿಯನ್‌ನದು.

ಅಂಬ್ರೋಸ್ ಬಂದವನು ಎಂದಿನಂತೆ ಮೊದಲು ತಲೆಯೆತ್ತಿ ತೆಂಗಿನ ಗರಿ ಯಾವ ಕಡೆ ವಾಲಿದೆ ಎಂದು ನೋಡಿದ.

"ಬೆಟ್ಟದ ಗಾಳಿ. ಒಳ್ಳೇದಾಯ್ತು," ಎಂದ. ಕಾಗದದ ಪೊಟ್ಟಣವೊಂದನ್ನು ಚಾಚಿದ. "ನಿಮ್ಮಮ್ಮ ಕೊಟ್ಟದ್ದು. ಉಪ್ಪುಮೀನು, ರೊಟ್ಟಿ. ಬರೀ ಹೊಟ್ಟೇಲಿ ಓಡಿಬಂದೆಯಂತೆ, ಬೈತಿದ್ರು."

"ನಮ್ಮನೆಗೆ ಹೋಗಿದ್ಯಾ?"

"ಮೀನು ಕೊಡೋಕೆ ಹೋಗಿದ್ದೆ. ಕೊಡದಿದ್ರೆ ನನಗೇ ಬೈತಾರಲ್ಲ ಮಾರಾಯ."

ಲೂಶಿಯನ್ ಪೊಟ್ಟಣ ಬಿಚ್ಚಲಿಲ್ಲ. ನಾಲ್ಕು ವರ್ಷದಿಂದ ಈ ಮನುಷ್ಯ ಅಮ್ಮನ ಬಾಗಿಲಿಗೆ ಮೀನು ತಂದಿಡುತ್ತಾನೆ. ಅಮ್ಮ ಸಂಜೆಯ ಪ್ರಾರ್ಥನೆಯಲ್ಲಿ ಇವನ ಹೆಸರನ್ನೂ ಸೇರಿಸುತ್ತಾಳೆ. ಮಗನನ್ನು ನುಂಗಿದವನ ಹೆಸರು!

ಆ ದಿನ ಲೂಶಿಯನ್‌ಗೆ ಚೆನ್ನಾಗಿ ನೆನಪಿದೆ. ಬಂದರಿನಲ್ಲಿ ಎರಡು ಹಡಗು, ಉಸಿರು ತಿರುಗಿಸಿಕೊಳ್ಳಲೂ ಬಿಡುವಿಲ್ಲ. ಮಧ್ಯಾಹ್ನ ಗಾಳಿ ಕಡಲಿನಿಂದ ತಿರುಗಿ ಬೀಸತೊಡಗಿ, ಅಲೆ ಜೆಟ್ಟಿಯ ಮೇಲೆ ಹತ್ತುತ್ತಿತ್ತು. ತಮ್ಮ ಕೊರ್ನೆಲ್ ಕೊನೆಗೆ ಓಡಿಬಂದು, ಲೂಶಿಯನ್ ತುಂಬಿ ಪಂಪಿನಿಂದ ಬಿಸಿಬಿಸಿಯಾಗಿ ಇಳಿಸಿದ ಸಿಲಿಂಡರನ್ನು ಬೆನ್ನಿಗೇರಿಸಿಕೊಂಡು, ನಗುತ್ತ ದೋಣಿಗೆ ಹಾರಿದ್ದ. ಅಂಥ ಕಡಲಿಗೆ ಯಾರಾದರೂ ಜನರನ್ನು ಇಳಿಸುತ್ತಾರೆಯೇ? ಅಂಬ್ರೋಸ್ ಇಳಿಸಿದ. ಮೇಲೆ ಬಂದಾಗ ಅವನ ತೋಳಿನಲ್ಲಿ ಕೊರ್ನೆಲ್ ನಿದ್ದೆ ಹೋದ ಮಗುವಿನಂತಿದ್ದ.

ವಿಚಾರಣೆಯಲ್ಲಿ ಅಂಬ್ರೋಸ್ ಒಂದೇ ಮಾತು ಹೇಳಿದ: ತಪ್ಪು ನನ್ನದು, ನಾನು ಅವನ ಮೇಲೆ ಕಣ್ಣಿಡಲಿಲ್ಲ. ಎರಡು ವರ್ಷ ಅವನನ್ನು ನೀರಿಗೆ ಇಳಿಯಗೊಡಲಿಲ್ಲ. ಒಂದು ಜೀವಕ್ಕೆ ಎರಡು ವರ್ಷ. ಲೂಶಿಯನ್‌ಗೆ ಆ ಲೆಕ್ಕ ಒಪ್ಪಿಗೆಯಾಗಲಿಲ್ಲ. ಅವನು ಕಾದ. ಇಂದು ಅಂಬ್ರೋಸನ ಜೊತೆ ಇನ್ನೊಬ್ಬ ಮಾರ್ಗದರ್ಶಿ, ವಿಲ್ಟನ್, ಇದ್ದಾನೆ. ಅಂಬ್ರೋಸ್ ಆಳದಲ್ಲಿ ಉಳಿದರೂ ಹಡಗಿನವರು ಕ್ಷೇಮವಾಗಿ ಮೇಲೆ ಬರುತ್ತಾರೆ.

ದೋಣಿ ಹವಳದ ಗೋಡೆಯ ಮೇಲೆ ನಿಂತಿತು. ಒಬ್ಬೊಬ್ಬರಾಗಿ ಸಜ್ಜಾಗುತ್ತಿದ್ದಾಗ ಹಳದಿ ಟೋಪಿಯ ಮುದುಕಿಯೊಬ್ಬಳ ಬೆನ್ನಿನಿಂದ ಬುಸ್ಸೆಂಬ ಸದ್ದು ಬಂತು. ಸಿಲಿಂಡರಿನ ಬಾಯಿಯ ರಬ್ಬರ್ ಬಳೆ ಹರಿದು ಗಾಳಿ ಸೋರುತ್ತಿತ್ತು.

"ಹಾವೇನಾದ್ರೂ ಹೊತ್ಕೊಂಡಿದೀನೇನಪ್ಪ?" ಎಂದಳು ಮುದುಕಿ.

"ಹಾವಲ್ಲ ತಾಯಿ, ಹಳೇ ಬಳೆ," ಎಂದು ಅಂಬ್ರೋಸ್ ನಕ್ಕ. ಹೆಚ್ಚಿನ ಸಿಲಿಂಡರ್ ಇರಲಿಲ್ಲ. ಇಂಥ ಹೊತ್ತಿನಲ್ಲಿ ಇಲ್ಲಿನ ಮಾರ್ಗದರ್ಶಿಗಳು ಯೋಚಿಸುವುದಿಲ್ಲ. ಅತಿಥಿಯದು ಕೆಟ್ಟರೆ ತಮ್ಮದನ್ನು ಬಿಚ್ಚಿಕೊಡುತ್ತಾರೆ. ಅವನು ಕೆಂಪು ಪಟ್ಟಿಯದನ್ನು ಎತ್ತಿ ಅವಳ ಬೆನ್ನಿಗೆ ಕಟ್ಟತೊಡಗಿದ.

"ಅದು ಬೇಡ," ಎಂದ ಲೂಶಿಯನ್.

"ಯಾಕೆ?"

"ಸರಿಯಾಗಿ ತುಂಬಿಲ್ಲ."

ಅಂಬ್ರೋಸ್ ಗಾಳಿ ಅಳೆಯುವ ಮುಳ್ಳು ನೋಡಿದ. ತುಂಬಿತ್ತು. ಲೂಶಿಯನ್‌ನ ಮುಖ ನೋಡಿದ.

"ಮೊಮ್ಮಗನಿಗೆ ಆಮೆ ನೋಡಿ ಬರ್ತೀನಿ ಅಂತ ಮಾತು ಕೊಟ್ಟಿದೀನಿ ಕಣ್ರಪ್ಪ," ಎಂದು ಮುದುಕಿ ಉಸಿರುಕೊಳವೆಯನ್ನು ಬಾಯಿಗೆ ತಂದಳು.

ಲೂಶಿಯನ್ ಚಂಗನೆ ಹಾರಿ ಅದನ್ನು ಅವಳ ಕೈಯಿಂದ ಕಿತ್ತುಕೊಂಡ.

ಅಂಬ್ರೋಸ್ ಮೆಲ್ಲಗೆ ಮುದುಕಿಯ ಪಟ್ಟಿಗಳನ್ನು ಬಿಚ್ಚಿದ. ವಿಲ್ಟನ್‌ನೊಂದಿಗೆ ಉಳಿದವರನ್ನು ನೀರಿಗಿಳಿಸಿದ. ಮುದುಕಿಗೆ ನೆರಳಿನಲ್ಲಿ ಜಾಗ ಮಾಡಿ, ಹಣ್ಣಿನ ರಸ ಕೊಟ್ಟು, ಸಿಲಿಂಡರನ್ನು ದೋಣಿಯ ಹಿಂಬದಿಗೆ ಎಳೆದುಕೊಂಡು ಬಂದ. ಲೂಶಿಯನ್ ಅಲ್ಲೇ ನಿಂತಿದ್ದ.

ಅಂಬ್ರೋಸ್ ಉಸಿರುಕೊಳವೆಯನ್ನು ಬಾಯಿಗಿಟ್ಟು ಒಮ್ಮೆ ಎಳೆದ. ಕಡಲಿಗೆ ಉಗುಳಿದ.

"ನಿನಗೇ ತುಂಬಿದ್ದು," ಎಂದ ಲೂಶಿಯನ್. "ಪೊಲೀಸರಿಗೆ ಹೇಳು ಹೋಗು. ಆ ಮುದುಕಿ ಅಡ್ಡ ಬಂದಳು, ಇಲ್ಲದಿದ್ರೆ ನಿನ್ನನ್ನ ಅಲ್ಲೇ ಮಲಗಿಸ್ತಿದ್ದೆ. ನನ್ನ ತಮ್ಮನ್ನ ಮಲಗಿಸಿದ ಹಾಗೆ."

"ಕೆಳಗೆ ನನ್ನ ಗಾಳಿ ಮುಗಿದಿತ್ತು ಲೂಶಿಯನ್," ಎಂದ ಅಂಬ್ರೋಸ್. ದನಿ ಏರಲಿಲ್ಲ. "ಅವನನ್ನ ಹುಡುಕ್ತಾ ಹುಡುಕ್ತಾ ಮುಗಿದುಹೋಯ್ತು. ಸಿಕ್ಕಾಗ ಅವನಿಗೆ ಉಸಿರಿರಲಿಲ್ಲ. ಸಿಲಿಂಡರು ಮಾತ್ರ ಅರ್ಧ ತುಂಬಿತ್ತು. ಅವನದನ್ನೇ ಬಾಯಿಗಿಟ್ಕೊಂಡು ಅವನನ್ನ ಮೇಲೆ ತಂದೆ."

"ಅರ್ಧ ತುಂಬಿತ್ತಾ? ಹಾಗಾದ್ರೆ ಹೇಗೆ ಸತ್ತ? ವಿಚಾರಣೇಲಿ ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮಮ್ಮ ಮುಂದಿನ ಬೆಂಚಲ್ಲೇ ಕೂತಿದ್ರು. ಅವರಿಗೆ ಇದ್ದದ್ದು ಇಬ್ಬರೇ ಮಕ್ಕಳು."

ಅಂಬ್ರೋಸ್ ಸಿಲಿಂಡರಿನ ತಿರುಪನ್ನು ಪೂರ್ತಿ ತೆರೆದ. ಗಾಳಿ ಸುಯ್ಯೆಂದು ಹೊರನುಗ್ಗಿ, ಎಂಜಿನ್ ಹೊಗೆಯ ಘಾಟು ಲೂಶಿಯನ್‌ನ ಮೂಗಿಗೆ ಅಡರಿತು.

"ಅವತ್ತು ಗಾಳಿ ಕಡಲಿಂದ ಬೀಸ್ತಿತ್ತು. ಕೊರ್ನೆಲ್‌ನ ಸಿಲಿಂಡರಲ್ಲೂ ಇದೇ ಇತ್ತು ತಮ್ಮಾ."