ಬಳ್ಳಿಯ ಬುಡದಲ್ಲೊಂದು ಗುಳಿ

"ಇನ್ನೊಂದು ಸಲ ಕೈ ಕುಯ್ಕೊಂಡ್ರೆ ಈ ಚಾಕು ನನ್ನ ಬೀರು ಸೇರುತ್ತೆ, ಹೇಳ್ಬಿಟ್ಟಿದ್ದೀನಿ," ಎನ್ನುತ್ತ ಮಗಳು ಅಪ್ಪನ ಅಂಗೈಗೆ ಬಟ್ಟೆ ಸುತ್ತಿದಳು. ಸಸಿಗಳ ನರ್ಸರಿಯನ್ನು ಈಗ ನಡೆಸುತ್ತಿರುವವಳು ಅವಳೇ. ಅಪ್ಪನನ್ನು ಅಲ್ಲಿ ಎಲ್ಲರೂ ಕಸಿಯಣ್ಣ ಎನ್ನುತ್ತಾರೆ. ಎರಡು ಗಿಡಗಳ ಕಡ್ಡಿ ಕೂಡಿಸಿ ಒಂದು ಮಾಡುವುದರಲ್ಲಿ ಅವನದು ಎತ್ತಿದ ಕೈ. ಈಚೆಗೆ ಅವನ ಕಣ್ಣು ಮಬ್ಬಾಗುತ್ತ ಬಂದಿತ್ತು. ಕಸಿ ಕಟ್ಟುವುದಕ್ಕೇನೂ ತೊಂದರೆಯಿರಲಿಲ್ಲ, ಅದೆಲ್ಲ ಬೆರಳಿಗೇ ಗೊತ್ತಿತ್ತು. ಎಡವಟ್ಟಾಗುತ್ತಿದ್ದುದು ಕೆಲಸ ಮುಗಿಸಿ ಚಾಕುವನ್ನು ಒರೆಗೆ ಸೇರಿಸುವಾಗ. ಈ ಸಲ ಅದು ತಿರುಗುಮುರುಗಾಗಿ ಒಳಗೆ ಹೋಗಿ, ಹಳೆಯ ಒರೆಯನ್ನೇ ಸೀಳಿಕೊಂಡು ಅಂಗೈಗೆ ಇಳಿದಿತ್ತು.

"ಚಾಕು ಕಿತ್ಕೊಂಡ್ರೆ ನಿಮ್ಮಪ್ಪ ಬೆಳಿಗ್ಗೆ ಎದ್ದು ಏನಕ್ಕೆ ಹೊರಗೆ ಹೋಗ್ಬೇಕು?" ಎಂದಳು ಅಮ್ಮ. "ಹೊಸ ಒರೆ ನಾನು ಮಾಡ್ಕೊಡ್ತೀನಿ. ಚಾಕುವಿನ ಬೆನ್ನು ಯಾವ ಕಡೆ ಬರ್ಬೇಕು ಅಂತ ಮುಟ್ಟಿದ್ರೆ ಸಾಕು, ಗೊತ್ತಾಗ್ಬೇಕು."

"ಮಾಡು. ಆದ್ರೆ ಮೊದಲು ನನ್ನೆದುರಿಗೆ ಕಣ್ಣು ಮುಚ್ಕೊಂಡು ಹಾಕಿ ತೋರಿಸ್ಲಿ."

"ಮುಚ್ಚೋದು ಬೇರೆ ಕೇಡು," ಎಂದ ಕಸಿಯಣ್ಣ. "ಅರ್ಧ ಅದೇ ಮುಚ್ಕೊಂಡಿದೆ."

ಅಮ್ಮ ಬಹಳ ಕಾಲ ಚರ್ಮದ ಚೀಲಗಳ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿಂದ ಬರುವಾಗ ತಂದಿಟ್ಟುಕೊಂಡ ದಪ್ಪ ಚರ್ಮದ ತುಂಡೊಂದು ಟ್ರಂಕಿನ ತಳದಲ್ಲಿತ್ತು. ಇದ್ದದ್ದು ಅದೊಂದೇ. ಕಿಟಕಿಯ ಪಕ್ಕದ ಮೇಜಿನ ಮೇಲೆ ಅದನ್ನು ಅಳತೆಗೆ ಕತ್ತರಿಸಿ, ಚಾಕುವಿನ ಬೆನ್ನು ಬರುವ ಕಡೆಗೆ ಒಂದು ಬಳ್ಳಿ ಬರೆದಳು. ಸಣ್ಣ ಅಲಗಿನಿಂದ ಗೆರೆ ಗೀರಿ, ಎಲೆಯ ಅಂಚುಗಳನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿ ಎಬ್ಬಿಸಿದಳು. ಕಾರ್ಖಾನೆಯಲ್ಲಿ ಬಳ್ಳಿ ಅಂದರೆ ಅವಳೇ ಆಗಬೇಕಿತ್ತು, ಆ ಜಂಭ ಇನ್ನೂ ಇಳಿದಿರಲಿಲ್ಲ. ಎಲೆಗೊಂದು ನರ, ನರಕ್ಕೊಂದು ಕವಲು ಅಂತ ಕೂತುಬಿಟ್ಟಳು.

ಕೊನೆಯ ಎಲೆಗಳಿಗೆ ಅಚ್ಚು ಒತ್ತುವ ಮುಂಚೆ ಚರ್ಮವನ್ನು ಮತ್ತೊಮ್ಮೆ ಒದ್ದೆ ಮಾಡಿದಳು. ನೀರು ತಾಗಿದ ಚರ್ಮ ಕಪ್ಪಾಗುತ್ತದೆ. ತನ್ನ ಬಣ್ಣಕ್ಕೆ ಅದು ಮರಳತೊಡಗುವವರೆಗೆ ಕಾಯಬೇಕು. ಆಗ ಅದು ಬೆಣ್ಣೆಯ ಹಾಗೆ, ಏನು ಒತ್ತಿದರೂ ಹಿಡಿದುಕೊಳ್ಳುತ್ತದೆ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಹರಡಿತ್ತು. ಕಪ್ಪು ತಿಳಿಯಾಗುವುದನ್ನೇ ನೋಡುತ್ತ ನೋಡುತ್ತ ಅವಳಿಗೆ ಕಿಟಕಿ ದೂರ ಹೋಯಿತು, ಕೊಡತಿ ಹಗುರವಾಯಿತು.

ಅವಳು ಯಾವುದೋ ತೋಟದಲ್ಲಿದ್ದಳು. ಎಲೆಗಳೆಲ್ಲ ಚರ್ಮದ ಬಣ್ಣದವು, ಗಾಳಿಗೆ ಒಂದಕ್ಕೊಂದು ತಾಗಿ ಮೆತ್ತಗೆ ಸದ್ದು ಮಾಡುತ್ತಿದ್ದವು. ಎದುರಿಗೆ ಅವನು, ಮೀಸೆ ಇನ್ನೂ ಸರಿಯಾಗಿ ಮೂಡದ ಕಸಿಯಣ್ಣ, ಎರಡು ಕಡ್ಡಿಗಳನ್ನು ಓರೆಯಾಗಿ ಕೊಯ್ದು ಜೋಡಿಸಿ ಅವಳ ಕೈಗಿಟ್ಟ. "ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊ. ನಾನು ದಾರ ಸುತ್ತೋವರೆಗೆ ಬಿಡ್ಬೇಡ." ಅವಳು ಒತ್ತಿ ಹಿಡಿದಳು. ಅವನು ದಾರ ಹುಡುಕುತ್ತ ಹುಡುಕುತ್ತ ಗಿಡಗಳ ನಡುವೆ ಎಲ್ಲಿಗೋ ಹೋದ. ಹೊತ್ತು ಸರಿಯಿತು, ಬೆರಳು ಜೋಮು ಹಿಡಿಯಿತು, ಆದರೂ ಅವಳು ಬಿಡಲಿಲ್ಲ. ಅಷ್ಟು ಸುಖ ಅವಳಿಗೆ ಈಚೆಗೆ ಆದದ್ದೇ ಇಲ್ಲ.

ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ಬಳ್ಳಿಯ ಬುಡದಲ್ಲಿ ಅವಳ ಹೆಬ್ಬೆರಳು ಊರಿಕೊಂಡೇ ಇತ್ತು. ಎತ್ತಿ ನೋಡಿದರೆ ಆಳವಾದ ಗುಳಿ, ತುದಿಯಲ್ಲಿ ಉಗುರಿನ ಗುರುತು ಬೇರೆ. ನೀರು ಸವರಿ ಉಜ್ಜಿದಳು, ತಿಕ್ಕಿದಳು, ತನಗೆ ತಾನೇ ಬೈದುಕೊಂಡಳು. ಗುಳಿ ಮಿಸುಕಲಿಲ್ಲ. ಹೊಸದಾಗಿ ಮಾಡೋಣವೆಂದರೆ ಚರ್ಮವಿಲ್ಲ. ಮುಖ ಊದಿಸಿಕೊಂಡೇ ಉಳಿದ ಎಲೆಗಳನ್ನು ಮುಗಿಸಿ, ಮೇಣ ಸವರಿದ ದಾರದಿಂದ ಒರೆಯನ್ನು ಹೊಲಿದಳು.

ಮರುದಿನ ಮಗಳು ಒರೆಯನ್ನು ತಿರುಗಿಸಿ ನೋಡಿ, "ಬಳ್ಳಿ ಜೀವ ತುಂಬಿದ ಹಾಗಿದೆ ಅಮ್ಮ. ಇಲ್ಲೇನಾಯ್ತು?" ಎಂದು ಗುಳಿಯನ್ನು ತೋರಿಸಿದಳು.

"ಏನಿಲ್ಲ. ಕೊಡು ಅಪ್ಪನಿಗೆ."

ಕಸಿಯಣ್ಣ ಕಣ್ಣು ಮುಚ್ಚಿದ. ಮಗಳು ಒರೆಯನ್ನು ಬೇಕೆಂದೇ ತಲೆಕೆಳಗು ಮಾಡಿ ಅವನ ಎಡಗೈಗೆ ಇಟ್ಟಳು. ಬಲಗೈಯಲ್ಲಿ ಬಿಚ್ಚಿದ ಚಾಕು. ಅವನ ಹೆಬ್ಬೆರಳು ಬಳ್ಳಿಯ ಮೇಲೆ ಅತ್ತಿಂದಿತ್ತ ಓಡಾಡಿತು. ಮೇಣ, ಅಂಟು, ಗಿಡದ ಹಾಲು ಕುಡಿದು ಮರಗಟ್ಟಿದ ಬೆರಳದು. ಅಷ್ಟು ನಾಜೂಕಿನ ಎಲೆ, ನರ, ಕವಲು ಯಾವುದೂ ಅದಕ್ಕೆ ತಿಳಿಯಲಿಲ್ಲ. ಅವನ ಹಣೆಯಲ್ಲಿ ಬೆವರು ಕಾಣಿಸಿತು. ಹೆಂಡತಿಗೆ ತನ್ನ ಜಂಭ ನೆನೆದು ಅಳು ಬಂತು. ಮಗಳು ಚಾಕು ತೆಗೆದುಕೊಳ್ಳಲು ಮೆಲ್ಲಗೆ ಕೈ ಚಾಚಿದಳು.

"ತಡಿ," ಎಂದ ಅವನು.

ಹೆಬ್ಬೆರಳು ಗುಳಿಗೆ ಬಂದು ನಿಂತಿತ್ತು. ಒರೆಯನ್ನು ನೆಟ್ಟಗೆ ತಿರುಗಿಸಿ, ಚಾಕುವಿನ ಬೆನ್ನನ್ನು ಗುಳಿಯ ಕಡೆಗೆ ಮಾಡಿ, ಅದನ್ನು ಸುಮ್ಮನೆ ಒಳಗೆ ಬಿಟ್ಟ. ಮತ್ತೆ ತೆಗೆದ, ಮತ್ತೆ ಬಿಟ್ಟ. ಮಗಳು ಚಾಚಿದ ಕೈಯಿಂದ ಅವನ ಹಣೆ ಒರೆಸಿ, "ಸರಿ, ನಡಿ. ನಿಂಬೆ ಗಿಡಗಳು ಕಾಯ್ತಿವೆ," ಎಂದಳು.

ಅವನು ಏಳಲಿಲ್ಲ. ಬೆರಳನ್ನು ಗುಳಿಯಿಂದ ತೆಗೆಯಲೂ ಇಲ್ಲ.

"ಬಳ್ಳಿ ಗಿಳ್ಳಿ ನಂಗೆ ತಿಳೀಲಿಲ್ಲ ಕಣೇ. ಇದು ಮಾತ್ರ ನನ್ನ ಬೆರಳಿಗೇ ಅಳತೆ ತಗೊಂಡ ಹಾಗಿದೆ. ಯಾವ ಅಚ್ಚಲ್ಲಿ ಒತ್ತಿದೆ?"

ಹೆಂಡತಿ ತನ್ನ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ದಾರ ತರ್ತೀನಿ ಅಂತ ಹೋದೋರು ಬರೋದು ಇಷ್ಟು ಹೊತ್ತಾ?" ಎಂದಳು.