ಪಾದತೀರ್ಥ

ಮನೆಗೆ ಬಂದ ಗುರುಗಳ ಪಾದ ತೊಳೆದ ನೀರನ್ನು ಪುಟ್ಟಗೌರಮ್ಮ ಮಗುವಿನ ಬೆಳ್ಳಿ ಒಳಲೆಗೆ ಬಗ್ಗಿಸಿಕೊಂಡು, ಎರಡು ತಿಂಗಳ ಮೊಮ್ಮಗನ ಬಳಿ ಬಂದರು. ಬೀದಿಯ ಧೂಳೆಲ್ಲ ಕರಗಿ ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಅರಿಶಿನದ ಜೊತೆ ಒಂದು ಕೂದಲೂ ತೇಲುತ್ತಿತ್ತು. ಸೊಸೆ ಸರಸು ಮಗುವನ್ನು ಸೆರಗಿನೊಳಗೆ ಅವುಚಿಕೊಂಡಳು.

“ಡಬ್ಬಿ ಹಾಲು ಉಷ್ಣ ಕಣೇ. ಕೂಸಿಗೆ ಬಾಯಾರಲ್ವೇನೇ? ಎರಡು ಗುಟುಕು ಹಾಕ್ತೀನಿ, ಬಿಡು.”

“ಹಾಲು ಕಲಸೋ ನೀರೇ ಅವನಿಗೆ ಸಾಕು ಅತ್ತೆ. ಆರು ತಿಂಗಳವರೆಗೆ ಕಾಯಿಸಿದ ನೀರೂ ಬೇಡ ಅಂದಿದಾರೆ ಡಾಕ್ಟ್ರು. ಇದಂತೂ...”

“ಏನೇ ಇದಂತೂ? ಗಂಗೆಗಿಂತ ಮಿಗಿಲು ಇದು!”

ಮಣೆಯ ಮೇಲೆ ಕೂತಿದ್ದ ಗುರುಗಳು ಅರೆಗಣ್ಣು ಮುಚ್ಚಿ ನಕ್ಕರು. “ಹಾಕಿ ತಾಯಿ. ನಂಬಿದವರನ್ನ ತೀರ್ಥ ಕಾಯುತ್ತೆ.”

ಪುಟ್ಟಗೌರಮ್ಮ ಮಗುವಿನ ಕೆನ್ನೆ ಒತ್ತಿ ಬಾಯಿ ತೆರೆಸಿದರು. ಸರಸು ಅಂಗೈ ಅಡ್ಡ ಹಿಡಿದಳು.

“ಎರಡಕ್ಷರ ಕಲಿತವಳ ಕೊಬ್ಬು ನೋಡಿ ಸ್ವಾಮೀ!” ಎನ್ನುತ್ತಾ ಅತ್ತೆ ಒಳಲೆಯನ್ನು ಗುರುಗಳ ತುಟಿಗೇ ಹಿಡಿದರು. “ನೀವೇ ಒಂದು ಗುಟುಕು ಕುಡಿದು ತೋರಿಸಿ. ಇವಳ ಬಾಯಿ ಮುಚ್ಚಲಿ.”

ಗುರುಗಳು ಮುಖ ಸಿಂಡರಿಸಿ ಹಿಂದಕ್ಕೆ ಸರಿದರು. “ಥೂ! ಕಾಲು ತೊಳೆದ ನೀರಮ್ಮ ಅದು!”