ಎಸ್ ರೂಮಿನಲ್ಲಿ ಕಾಣೆಯಾದ ಹಾಳೆ

ಇಂಗ್ಲಿಷಿನಲ್ಲಿ ‘ಸೆಟ್’ ಅಂತ ಒಂದು ಪದ ಇದೆ. ನೋಡಲು ಬೆರಳಿನ ಉಗುರಿನಷ್ಟು... ಅರ್ಥ ಹುಡುಕಿದರೆ ಡಿಕ್ಷನರಿಯಲ್ಲಿ ಹಾಳೆಯ ಎರಡೂ ಬದಿ ಅದೇ.

ಸೂರ್ಯ ಮುಳುಗುವುದೂ ಸೆಟ್, ಮೊಸರು ಹೆಪ್ಪಾಗುವುದೂ ಸೆಟ್. ಮುರಿದ ಮೂಳೆ ಕೂಡಿಸುವುದೂ ಸೆಟ್, ಗಡಿಯಾರಕ್ಕೆ ಅಲಾರಂ ಇಡುವುದೂ ಸೆಟ್.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಹುಲಿಗೆಮ್ಮನಿಗೆ ಇವೆಲ್ಲ ಬಾಯಿಪಾಠ. ಆದರೆ ಬೋರ್ಡಿನ ಮೇಲೆ ಆ ಪದ ಬರೆದಾಗಲೆಲ್ಲ ಆಕೆಯ ಕೈ ಒಂದು ಕ್ಷಣ ನಿಲ್ಲುತ್ತದೆ...

ಹದಿನೆಂಟು ವರ್ಷದ ಹಿಂದಿನ ಮಾತು. ಹುಲಿಗೆಮ್ಮ ಓದುತ್ತಿದ್ದ, ಕೊಪ್ಪಳದ ಕಡೆಯ ಒಂದು ಹುಡುಗಿಯರ ಹಾಸ್ಟೆಲ್. ನಲವತ್ತು ಹುಡುಗಿಯರು, ಒಂದೇ ಡಿಕ್ಷನರಿ.

ಪರೀಕ್ಷೆ ಬಂತೆಂದರೆ ಅದಕ್ಕಾಗಿ ಜಡೆ ಹಿಡಿದು ಜಗಳ. ಒಂದು ದಿನ ವಾರ್ಡನ್ ನೀಲಮ್ಮ ಮೇಡಂಗೆ ತಲೆ ಕೆಟ್ಟಿತು. ಬ್ಲೇಡ್ ತಂದು ಡಿಕ್ಷನರಿಯನ್ನು ಎಂಟು ಭಾಗ ಮಾಡಿದರು. ಒಂದೊಂದಕ್ಕೂ ಹಳೆ ಕ್ಯಾಲೆಂಡರಿನ ರಟ್ಟು ಹಾಕಿ, ದಬ್ಬಣದಿಂದ ಹೊಲಿದು, ಎಂಟು ರೂಮಿಗೆ ಹಂಚಿಬಿಟ್ಟರು.

“ಇನ್ನ ಮ್ಯಾಲೆ ಪದ ಬೇಕಂದ್ರ ಆ ರೂಮಿಗೆ ಹೋಗಿ ಕೇಳ್ರಿ. ಹಂಗಾದ್ರೂ ಒಬ್ರ ಮಾರಿ ಒಬ್ರು ನೋಡ್ತೀರಿ!”

ಅಂದಿನಿಂದ ರೂಮುಗಳ ನಂಬರ್ ಹೋಗಿ, ಅಲ್ಲಿರುವ ಭಾಗದ ಒಂದು ಅಕ್ಷರವೇ ಹೆಸರಾಯಿತು. ಹುಲಿಗೆಮ್ಮನದು ಎಸ್ ರೂಮು. ಅವಳ ಕ್ಲಾಸಿನ ಶರೀಫಾಳದು ಆರ್ ರೂಮು.

ಊಟದ ಸಾಲಿನಲ್ಲಿ ತಟ್ಟೆ ಬಡಿಯುತ್ತಾ ಒಬ್ಬಳು ಕೂಗುವಳು... “ಏ ಆರ್ ರೂಮು, ‘ರಫ್’ ಅಂದ್ರ ಏನ ಬೇ?”

“ಕನ್ನಡಿ ನೋಡ್ಕೋ, ತಿಳಿತೈತಿ!” ಅನ್ನುವಳು ಶರೀಫಾ. ಸಾಲಿಗೆ ಸಾಲೇ ನಗುತ್ತಿತ್ತು.

ಹತ್ತನೇ ಕ್ಲಾಸಿನ ವರ್ಷ ಒಂದು ಸುದ್ದಿ ಬಂತು. ಹಾಸ್ಟೆಲಿನ ಒಬ್ಬಳಿಗೆ ಮಾತ್ರ ಧಾರವಾಡದಲ್ಲಿ ಪಿಯುಸಿ ಸೀಟು. ಊಟ, ವಸತಿ ಎಲ್ಲ ಫ್ರೀ.

ಆಯ್ಕೆಗೆ ಒಂದೇ ಪರೀಕ್ಷೆ. ದಿನಬಳಕೆಯ ಒಂದು ಇಂಗ್ಲಿಷ್ ಪದ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಅದರ ಅರ್ಥಗಳು, ಸಮಾನಾರ್ಥಕ ಪದಗಳು ಎಷ್ಟು ಗೊತ್ತೋ ಅಷ್ಟು ಬರೆಯಬೇಕು. ಈ ಸಲ ‘ಸೆಟ್’ ಬರುತ್ತದೆ ಎಂದು ಗಾಳಿಸುದ್ದಿ.

ಸೀಟು ಸಿಗದಿದ್ದರೆ ಹುಲಿಗೆಮ್ಮ ಅಕ್ಕನ ಜೊತೆ ಇಟ್ಟಿಗೆ ಭಟ್ಟಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಶರೀಫಾಳ ಪಾಡೂ ಅದಕ್ಕಿಂತ ಹೆಚ್ಚು ಬೇರೆ ಇರಲಿಲ್ಲ. ಓದಿನಲ್ಲಿ ಹುಲಿಗೆಮ್ಮನಿಗೆ ಸಾಟಿ ಎಂದರೆ ಅವಳೊಬ್ಬಳೇ.

ಭಾನುವಾರ ಮಧ್ಯಾಹ್ನ. ಎಲ್ಲರೂ ಬಟ್ಟೆ ಒಗೆಯಲು ಹೋಗಿದ್ದರು. ಹುಲಿಗೆಮ್ಮ ‘ಸೆಟ್’ ಇದ್ದ ಹಾಳೆಯನ್ನು ಹರಿದು, ಮಡಚಿ, ಟ್ರಂಕಿನ ತಳಕ್ಕೆ ಹಾಕಿದಳು.

ಸಂಜೆ ಶರೀಫಾ ಬಂದಳು. “ಹುಲಿಗಿ, ‘ಸೆಟ್’ ನೋಡಬೇಕಿತ್ತು.”

“ಆ ಹಾಳಿ ಇಲ್ಲವಾ... ಯಾರು ಒಯ್ದ್ರೋ ಏನೋ.”

ಶರೀಫಾ ಪುಸ್ತಕ ತಿರುವಿ ನೋಡಿದಳು. ಹುಲಿಗೆಮ್ಮನ ಮುಖವನ್ನೂ ನೋಡಿದಳು.

“ಹೋಗ್ಲಿ ಬಿಡು. ನೀ ‘ರನ್’ ಓದಿಯೇನು? ಅದೂ ಭಾಳ ದೊಡ್ಡದೈತಿ. ಬಾ ನಮ್ಮ ರೂಮಿಗೆ.”

ಎರಡು ಸಂಜೆ ಇಬ್ಬರೂ ಕೂತು ಓದಿದರು. ಓಡುವುದು, ಹೊಳೆ ಹರಿಯುವುದು, ಅಂಗಡಿ ನಡೆಸುವುದು, ಚುನಾವಣೆಗೆ ನಿಲ್ಲುವುದು...

“ಸೀರಿ ಬಣ್ಣ ಬಿಟ್ರೂ ರನ್ ಅಂತ ನೋಡ! ಹಂಗಾರ ನನ್ನ ಯೂನಿಫಾರ್ಮು ಮ್ಯಾರಥಾನ್ ಓಡೇತಿ!” ಶರೀಫಾ ಬಿದ್ದು ಬಿದ್ದು ನಕ್ಕಳು. ಹುಲಿಗೆಮ್ಮನಿಗೆ ನಗಲು ಆಗಲಿಲ್ಲ.

ಪರೀಕ್ಷೆಯ ದಿನ ಬೋರ್ಡಿನ ಮೇಲೆ ಬಂದ ಪದ... ‘ರನ್’.

ಹುಲಿಗೆಮ್ಮ ನಲವತ್ತೊಂದು ಬರೆದಳು. ಶರೀಫಾ ಮೂವತ್ತೊಂಬತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಶರೀಫಾ ಕೂಡ.

ಅಂದು ಊಟಕ್ಕೆ ಕೂತ ಹುಲಿಗೆಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಎದ್ದು ಹೋಗಿ ಹಾಳೆ ತಂದು, ಎಲ್ಲರೆದುರೇ ವಾರ್ಡನ್ ಮುಂದೆ ಇಟ್ಟಳು.

“ಇದನ್ನ ಹರದಾಕಿ ನಾನ ರೀ ಮೇಡಂ. ಸೀಟು ಶರೀಫಾಗ ಕೊಡ್ರಿ.”

ನೀಲಮ್ಮ ಮೇಡಂ ಹಾಳೆಯನ್ನು ವಾಪಸ್ ಅವಳ ಕೈಗೇ ಇಟ್ಟರು. “ಬಂದಿದ್ದು ‘ರನ್’. ಪೇಪರ್ ಮ್ಯಾಲೆ ನೀನ ಗೆದ್ದೀದಿ. ಲಿಸ್ಟ್ ಹೋಗೇತಿ, ಇನ್ನ ಬದಲಾಗಂಗಿಲ್ಲ” ಅಂದು ಒಳಗೆ ಹೋದರು.

ಕಪಾಳಕ್ಕೆ ಎರಡು ಕೊಟ್ಟಿದ್ದರೆ ಅವಳಿಗೆ ಹಗುರ ಅನಿಸುತ್ತಿತ್ತೇನೋ...

ಹುಲಿಗೆಮ್ಮ ಅಳುತ್ತಲೇ ಶರೀಫಾಳ ಹತ್ತಿರ ಹೋದಳು. “ನಿನಗ ಮೊದಲ ಗೊತ್ತಿತ್ತೇನ?”

“ಹರದ ಅಂಚು ಹೊಸಾದಿತ್ತು. ನನಗ ಕಣ್ಣಿಲ್ಲೇನು?”

“ಗೊತ್ತಿದ್ದೂ ಯಾಕ ‘ರನ್’ ಹೇಳಿಕೊಟ್ಟಿ?”

“ನೀ ಮುಚ್ಚಿಟ್ಟಿ ಅಂತ ನಾನೂ ಬಾಗಿಲಾ ಹಾಕ್ಕೊಂಡು ಕುಂದ್ರಲೇನು? ಡಿಕ್ಷನರಿ ನಮ್ಮಪ್ಪಂದಲ್ಲ.”

“ಸಿಟ್ಟಿಲ್ಲೇನ ನನ್ನ ಮ್ಯಾಲೆ?”

“ಐತಿ. ಭಾಳ ಐತಿ.” ಶರೀಫಾಳ ಧ್ವನಿ ಈಗ ಒಡೆಯಿತು. “ಅಳೋದು ಬಿಟ್ಟು ದಬ್ಬಣ ತಗೊಂಬಾ. ಮುಂದಿನ ವರ್ಷದ ಹುಡುಗ್ಯಾರಿಗೆ ಈ ಹಾಳಿ ಬೇಕು.”

ಶರೀಫಾ ಅಂಗೈಯಿಂದ ಹಾಳೆಯ ಮಡಿಕೆ ಒತ್ತಿ ಒತ್ತಿ ನೇರ ಮಾಡಿದಳು. ಹುಲಿಗೆಮ್ಮ ದಾರ ಎಳೆದಳು.

ಮುಂದೆ ಶರೀಫಾ ಏನಾದಳು ಅಂತ ಕೇಳುತ್ತೀರಿ... ಆಕೆ ಧಾರವಾಡಕ್ಕೆ ಹೋಗಲಿಲ್ಲ. ಹೊಲಿಗೆ ಮಷೀನ್ ತುಳಿಯುತ್ತಲೇ ಎರಡು ವರ್ಷ ತಡವಾಗಿ ಪಿಯುಸಿ ಕಟ್ಟಿದಳು, ಪಾಸಾದಳು. ಆ ಎರಡು ವರ್ಷವನ್ನು ಯಾರೂ ಆಕೆಗೆ ವಾಪಸ್ ಕೊಡಲಿಲ್ಲ.

ಹುಲಿಗೆಮ್ಮ ಪ್ರತಿ ವರ್ಷ ಹೊಸ ಕ್ಲಾಸಿಗೆ ಈ ಕಥೆ ಹೇಳುತ್ತಾಳೆ. ತಾನು ಮಾಡಿದ್ದನ್ನು ಒಂದಕ್ಷರ ಬಿಡದೆ. ಶರೀಫಾಳ ಪೂರ್ತಿ ಹೆಸರು, ಊರು ಸಮೇತ.

*ನಮ್ಮ ಗೆಲುವಿನ ಹಿಂದೆ, ತನಗೆ ಗೊತ್ತಿದ್ದನ್ನು ಬಚ್ಚಿಡದೆ ಹೇಳಿಕೊಟ್ಟ ಒಬ್ಬರು ಇದ್ದೇ ಇರುತ್ತಾರೆ.*

ನಿಮಗೆ ಹಾಗೆ ಹೇಳಿಕೊಟ್ಟವರು ಯಾರು...? ಅವರ ಹೆಸರನ್ನು ನಾಲ್ಕು ಜನರ ಮುಂದೆ ಒಮ್ಮೆಯಾದರೂ ಹೇಳಿದ್ದೀರಾ?